12ಎಯು7–6080 ಹೆಡ್‌ಫೋನ್ ಆಂಪ್: ಗುಂಯ್ ಸದ್ದು, ಮೆತ್ತಗಿನ ಬಾಸ್. ದುಬಾರಿ ವಾಲ್ವ್ ಹಾಕಿದ್ರೆ ಸರಿ ಹೋಗುತ್ತಾ?

ಕಿವಿಗೊಟ್ಟವ, ಬಸವನಗುಡಿ:

ಎಲ್ಲರಿಗೂ ನಮಸ್ಕಾರ. ಆಂಪ್ ಕಿಟ್‌ನಿಂದ ಜೋಡಿಸಿದ್ದು, ಓಟಿಎಲ್, ಅಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ್ದು. ಮುಂದೆ ಒಂದು 12ಎಯು7 ವಾಲ್ವ್, ಹಿಂದೆ (ಹೆಡ್‌ಫೋನ್ ಕಡೆ) ಒಂದು 6080 ವಾಲ್ವ್. ಎರಡರ ನಡುವೆ ಕಪ್ಲಿಂಗ್ ಕೆಪಾಸಿಟರ್ ಇಲ್ಲ, ಪ್ಲೇಟಿನಿಂದ ಗ್ರಿಡ್‌ಗೆ ನೇರ ತಂತಿ. 12ಎಯು7ರ ಪ್ಲೇಟಿಗೆ 22 ಕಿಲೋಓಮ್, ಕ್ಯಾಥೋಡಿಗೆ ಕೆಂಪು ಎಲ್‌ಇಡಿ. 6080ರ ಕ್ಯಾಥೋಡಿಗೆ 3 ಕಿಲೋಓಮ್ 10 ವ್ಯಾಟ್. ಔಟ್‌ಪುಟ್‌ನಲ್ಲಿ 100 ಮೈಕ್ರೋಫ್ಯಾರಡ್ 250 ವೋಲ್ಟ್ ಎಲೆಕ್ಟ್ರೋಲಿಟಿಕ್. ಪವರ್ ಸಪ್ಲೈ ತೀರಾ ಸರಳ: 150 ವೋಲ್ಟ್ ಸೆಕೆಂಡರಿ, 1ಎನ್4007 ಬ್ರಿಜ್, 220 ಮೈಕ್ರೋಫ್ಯಾರಡ್, 270 ಓಮ್, ಮತ್ತೊಂದು 220 ಮೈಕ್ರೋಫ್ಯಾರಡ್. ಟ್ರಾನ್ಸ್‌ಫಾರ್ಮರ್ ಮೇಲೆ 220 ವೋಲ್ಟ್ ಅಂತ ಅಚ್ಚಾಗಿದೆ. ಹೆಡ್‌ಫೋನ್ ಸೆನ್‌ಹೈಸರ್ ಎಚ್‌ಡಿ 600, ಜೊತೆಗೆ 32 ಓಮ್‌ನದು ಇನ್ನೊಂದು.

ತೊಂದರೆ ಮೂರು. ವಾಲ್ಯೂಮ್ ಎಷ್ಟೇ ಇಟ್ಟರೂ ಹಿಂದುಗಡೆ ಒಂದೇ ಸಮ ಗುಂಯ್ ಅನ್ನುತ್ತೆ. ಮೃದಂಗದ ಎಡಗಡೆ, ತಬಲಾದ ಬಾಯಾ ಬಂದಾಗ ಬಾಸ್ ಮೆತ್ತಗೆ, ಹಿಡಿತ ಇಲ್ಲ. 32 ಓಮ್‌ನಲ್ಲಿ ಇನ್ನೂ ಕಡೆ. ಮೂರನೇದು, ಡ್ಯಾಕ್‌ನಿಂದ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡೋ ಸಾಧನ) 2 ವೋಲ್ಟ್ ಬರ್ತಿರೋದರಿಂದ ನಾಬ್ ಸ್ವಲ್ಪ ತಿರುಗಿಸಿದರೆ ಸಾಕು ಜೋರಾಗಿಬಿಡುತ್ತೆ, ಆ ಜಾಗದಲ್ಲಿ ಎಡಕಿವಿಗೆ ಜಾಸ್ತಿ ಕೇಳುತ್ತೆ.

ಹಳೇ ಸ್ಟಾಕಿನ ಒಳ್ಳೆ ವಾಲ್ವ್ ಹಾಕಿದರೆ ಎಲ್ಲಾ ಸರಿಹೋಗುತ್ತೆ ಅಂತ ಹೇಳೋರಿದ್ದಾರೆ. ಒಂದೊಂದಕ್ಕೂ ಹತ್ತು ಸಾವಿರದ ಹತ್ತಿರ ಕೇಳ್ತಾರೆ. ನನ್ನ ಬಜೆಟ್ ಐದು ಸಾವಿರ. ಎಸ್.ಪಿ. ರೋಡಿನಲ್ಲಿ ಸಿಗೋ ಸಾಮಾನಿನಲ್ಲಿ ಏನಾದರೂ ಮಾಡಬಹುದಾ?

ಹಳೇವಾಲ್ವ್:

ವಾಲ್ವ್ ಆಮೇಲೆ. ಮೊದಲು ಮೀಟರ್ ಹಿಡೀರಿ. ಈ ಐದು ಅಳತೆ ಹಾಕಿ: ಗೋಡೆ ಸಾಕೆಟ್ಟಿನ ಎಸಿ ವೋಲ್ಟೇಜು, 6080ರ ಹೀಟರ್ ಪಿನ್ 7 ಮತ್ತು 8ರ ನಡುವಿನ ಎಸಿ, ಎರಡನೇ 220 ಮೈಕ್ರೋಫ್ಯಾರಡ್ ಮೇಲಿನ ಡಿಸಿ, ಅದೇ ಜಾಗದಲ್ಲಿ ಮೀಟರನ್ನು ಎಸಿ ರೇಂಜಿಗೆ ಹಾಕಿ ಎಷ್ಟು ಮಿಲಿವೋಲ್ಟ್ ಅಂತ, ಕೊನೆಗೆ ಎರಡೂ ಚಾನೆಲ್‌ನ 12ಎಯು7 ಪ್ಲೇಟು ಮತ್ತು 6080 ಕ್ಯಾಥೋಡಿನ ಡಿಸಿ. ಎಲ್ಲಾ ವಾಲ್ವ್ ಬಿಸಿಯಾಗಿ ಹತ್ತು ನಿಮಿಷ ಆದಮೇಲೆ.

ಒಳಗೆ 200 ವೋಲ್ಟ್ ಡಿಸಿ ಇದೆ ಅನ್ನೋದು ನೆನಪಿರಲಿ. ಕಪ್ಪು ಪ್ರೋಬಿಗೆ ಕ್ರೊಕೊಡೈಲ್ ಕ್ಲಿಪ್ ಹಾಕಿ ಗ್ರೌಂಡಿಗೆ ಕಚ್ಚಿಸಿಬಿಡಿ, ಕೆಂಪು ಪ್ರೋಬು ಒಂದೇ ಕೈಯಲ್ಲಿ, ಇನ್ನೊಂದು ಕೈ ಜೇಬಿನಲ್ಲಿ. ಸೋಲ್ಡರಿಂಗಿಗೆ ಕೈ ಹಾಕೋ ಮೊದಲು ಪ್ಲಗ್ ಕಿತ್ತು, 4.7 ಕಿಲೋಓಮ್ 5 ವ್ಯಾಟ್ ವೈರ್‌ವೂಂಡ್ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್‌ಗಳಿಂದ ಪ್ರತಿ ಕೆಪಾಸಿಟರಿಗೂ ಹತ್ತು ಸೆಕೆಂಡ್ ಹಿಡಿದು, ಆಮೇಲೆ ಮೀಟರಿನಲ್ಲಿ 5 ವೋಲ್ಟಿಗಿಂತ ಕೆಳಗೆ ಬಂದಿದೆಯಾ ಅಂತ ನೋಡಿ. ಸ್ಕ್ರೂಡ್ರೈವರಿನಿಂದ ಚಟ್ ಅನಿಸೋ ಅಭ್ಯಾಸ ಬೇಡ, ಕೆಪಾಸಿಟರಿನ ಒಳಗಿನ ಕನೆಕ್ಷನ್ ಹಾಳಾಗುತ್ತೆ.

ತಂತಿಪಂತಿ:

ಹಮ್ (ಆ ಗುಂಯ್ ಸದ್ದು) ಎಲ್ಲಿಂದ ಅಂತ ಗೊತ್ತಾಗಬೇಕಾದರೆ ಸುಲಭದ ದಾರಿ ಇದೆ. 12ಎಯು7 ಕಿತ್ತು ಆನ್ ಮಾಡಿ. ಸದ್ದು ಹೋದರೆ ಮುಂದಿನ ಸ್ಟೇಜು, ಇದ್ದರೆ ಹಿಂದಿನದು.

ಓಮ್‌ಕಾರ:

ತಂತಿಪಂತಿಯವರೇ, ಬೇರೆ ಆಂಪ್‌ನಲ್ಲಿ ಸರಿ, ಇದರಲ್ಲಿ ದಯವಿಟ್ಟು ಬೇಡ. ಇದು ನೇರ ಜೋಡಣೆ. 12ಎಯು7 ಇಲ್ಲದಿದ್ದರೆ 22 ಕಿಲೋಓಮ್ ಮೂಲಕ 6080ರ ಗ್ರಿಡ್ ಸೀದಾ ಸಪ್ಲೈ ವೋಲ್ಟೇಜಿಗೆ ಏರುತ್ತೆ, ಕ್ಯಾಥೋಡೂ ಅದರ ಹಿಂದೇನೇ ಹತ್ತುತ್ತೆ. 3 ಕಿಲೋಓಮ್ ರೆಸಿಸ್ಟರಿನ ಮೇಲೆ 170 ವೋಲ್ಟ್ ಕೂತರೆ 9.6 ವ್ಯಾಟ್, 10 ವ್ಯಾಟಿನ ರೆಸಿಸ್ಟರ್ ಮುಚ್ಚಿದ ಡಬ್ಬಿಯಲ್ಲಿ ಸುಟ್ಟು ವಾಸನೆ ಬರುತ್ತೆ. ಔಟ್‌ಪುಟ್ ಕೆಪಾಸಿಟರ್ 250 ವೋಲ್ಟಿನದು ಇರಬೇಕು ಅನ್ನೋದಕ್ಕೂ ಇದೇ ಕಾರಣ, 160 ವೋಲ್ಟಿನದು ಹಾಕಿ ಉಳಿಸೋ ಜಾಗ ಅಲ್ಲ ಅದು.

6080 ಕಿತ್ತು ಆನ್ ಮಾಡೋದೂ ಬೇಡ. ಲೋಡ್ ಇಲ್ಲದೆ ಸಪ್ಲೈ ಮೇಲೇರಿ 250 ವೋಲ್ಟ್ ಕೆಪಾಸಿಟರಿನ ಅಂಚಿಗೆ ಬರುತ್ತೆ: 150 ವೋಲ್ಟಿಗೆ 1.41ರ ಲೆಕ್ಕದಲ್ಲಿ 212, ಮೇನ್ಸ್ 240 ಇದ್ದರೆ 231.

ಸದ್ದಿನ ಗುರುತು ಹಿಡಿಯೋದಕ್ಕೆ ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸೋ ಆ್ಯಪ್ ಸಾಕು. ಹೆಡ್‌ಫೋನಿನ ಕಪ್ಪನ್ನ ಮೈಕಿಗೆ ಒತ್ತಿ ಹಿಡೀರಿ. 50 ಹರ್ಟ್ಸ್ ಎದ್ದು ಕಂಡರೆ ಹೀಟರ್ ವೈರಿಂಗ್, ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಅಥವಾ ಗ್ರೌಂಡ್ ಲೂಪ್. 100 ಹರ್ಟ್ಸ್ ಆದರೆ ರೆಕ್ಟಿಫೈಯರ್ ಆದಮೇಲಿನ ರಿಪಲ್, ಅಂದರೆ ಡಿಸಿ ಮೇಲೆ ಉಳಿದ ಎಸಿ ಏರಿಳಿತ. 100ರ ಜೊತೆ 200, 300, 400 ಅಂತ ಸಾಲಾಗಿ ಮೊಳೆಗಳು ಕಂಡರೆ ಅದು ಗುಂಯ್ ಅಲ್ಲ, ಜಿರ್ರ್. ಅದರ ಮೂಲವೇ ಬೇರೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿಯೂ ಒಮ್ಮೆ ಕೇಳಿ.

ಕಿವಿಗೊಟ್ಟವ:

ಅಳತೆ ಇಲ್ಲಿದೆ. ಮೇನ್ಸ್ 238. ಹೀಟರ್ 6.9. ಸಪ್ಲೈ 189 ಡಿಸಿ, ಅದರ ಮೇಲೆ ಎಸಿ 26 ಮಿಲಿವೋಲ್ಟ್. 12ಎಯು7 ಪ್ಲೇಟ್ ಎಡ 84, ಬಲ 82. 6080 ಕ್ಯಾಥೋಡ್ ಎಡ 108, ಬಲ 97. ಸ್ಪೆಕ್ಟ್ರಮ್‌ನಲ್ಲಿ 100 ಹರ್ಟ್ಸ್ ಎತ್ತರಕ್ಕಿದೆ, ಪಕ್ಕದಲ್ಲಿ ಸಣ್ಣ ಮೊಳೆಗಳೂ ಇವೆ. ಬ್ಯಾಟರಿಯಲ್ಲಿ ಓಡಿಸಿದರೆ ವ್ಯತ್ಯಾಸ ಇಲ್ಲ. ಎಡ–ಬಲ ಕ್ಯಾಥೋಡ್ ಬೇರೆ ಬೇರೆ ಇರೋದು ಪರವಾಗಿಲ್ವಾ?

ಓಮ್‌ಕಾರ:

ಕ್ಯಾಥೋಡ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಡೆ 36 ಮಿಲಿಆಂಪ್, ಇನ್ನೊಂದು ಕಡೆ 32. 6080 ಮೂಲತಃ ರೆಗ್ಯುಲೇಟೆಡ್ ಸಪ್ಲೈಗಳಲ್ಲಿ ಸೀರೀಸ್ ವಾಲ್ವ್ ಆಗಿ ದುಡಿಯೋಕೆ ಮಾಡಿದ್ದು, ಎರಡು ಭಾಗ ತದ್ರೂಪ ಇರಬೇಕು ಅನ್ನೋ ಹಟ ಅದಕ್ಕಿಲ್ಲ. ಒಂದು ಭಾಗಕ್ಕೆ 13 ವ್ಯಾಟ್ ಮಿತಿ, ನಿಮ್ಮದು 3 ವ್ಯಾಟೂ ದಾಟಿಲ್ಲ.

ಅಸಲಿ ರೋಗ ಆ 26 ಮಿಲಿವೋಲ್ಟ್. ಯಾಕೆ ಅಂತ ನೋಡಿ. ಎರಡೂ ವಾಲ್ವ್ ಸೇರಿ ಎಳೆಯೋದು ಸುಮಾರು 75 ಮಿಲಿಆಂಪ್. ಮೊದಲ 220 ಮೈಕ್ರೋಫ್ಯಾರಡ್ ಮೇಲೆ ಹತ್ತಿರ ಹತ್ತಿರ 1 ವೋಲ್ಟ್ ರಿಪಲ್ ಇರುತ್ತೆ. 100 ಹರ್ಟ್ಸ್‌ಗೆ ಎರಡನೇ ಕೆಪಾಸಿಟರಿನ ರಿಯಾಕ್ಟೆನ್ಸ್ 7.2 ಓಮ್, 270ನ್ನು ಅದರಿಂದ ಭಾಗಿಸಿದರೆ 37. ಅಂದರೆ ರಿಪಲ್ 37ನೇ ಒಂದು ಪಾಲಾಗುತ್ತೆ, 27 ಮಿಲಿವೋಲ್ಟ್. ನಿಮ್ಮ ಮೀಟರ್ ತೋರಿಸಿದ್ದು ಅದನ್ನೇ. ಯಾವ ಬಿಡಿಭಾಗವೂ ಕೆಟ್ಟಿಲ್ಲ, ಡಿಸೈನ್ ಇರೋದೇ ಇಷ್ಟು.

ಈಗ 6080ರ ವಿಷಯಕ್ಕೆ ಬನ್ನಿ. ಅದರ ಮ್ಯೂ, ಅಂದರೆ ವಾಲ್ವ್ ಸಿಗ್ನಲನ್ನು ಹಿಗ್ಗಿಸೋ ಪಟ್ಟು, ಬರೀ 2. ಕ್ಯಾಥೋಡ್ ಫಾಲೋವರ್‌ನಲ್ಲಿ (ಕ್ಯಾಥೋಡಿನಿಂದ ಔಟ್‌ಪುಟ್ ತೆಗೆಯೋ ಇಂಥ ಜೋಡಣೆ) ಪ್ಲೇಟಿನ ಮೇಲಿನ ಗಲಾಟೆ ಮ್ಯೂಗೆ ಒಂದು ಸೇರಿಸಿದಷ್ಟು ಪಾಲು ಕಮ್ಮಿಯಾಗಿ ಹೊರಗೆ ಬರುತ್ತೆ. ಇಲ್ಲಿ ಮೂರರಲ್ಲಿ ಒಂದು ಪಾಲು, 9 ಮಿಲಿವೋಲ್ಟ್, ನೇರ ಹೆಡ್‌ಫೋನ್ ಕಡೆಗೆ. ಜೊತೆಗೆ 12ಎಯು7 ಪ್ಲೇಟಿಗೆ 22 ಕಿಲೋಓಮ್ ಮೂಲಕ 7 ಮಿಲಿವೋಲ್ಟ್ ಇಳಿದು, ಅದೂ ಅದೇ ಫೇಸಿನಲ್ಲಿ ಕೂಡಿಕೊಳ್ಳುತ್ತೆ. 300 ಓಮ್ ಲೋಡ್ ಹಾಕಿದಾಗ ಜಾಕ್‌ನಲ್ಲಿ 10 ಮಿಲಿವೋಲ್ಟ್ ಉಳಿಯುತ್ತೆ. ಎಚ್‌ಡಿ 600ನಲ್ಲಿ ರಾತ್ರಿ ಹೊತ್ತು ಇದು ಚೆನ್ನಾಗೇ ಕೇಳಿಸುತ್ತೆ. ವಾಲ್ವ್ ಯಾವ ಕಂಪನಿಯದೇ ಹಾಕಿ, ಎಷ್ಟು ಸಾವಿರವೇ ಕೊಡಿ, ಮ್ಯೂ 2 ಇರೋತನಕ ಈ ಲೆಕ್ಕ ಬದಲಾಗಲ್ಲ.

ಪರಿಹಾರ ಎರಡು. ಒಂದು, 270 ಓಮ್ ಜಾಗಕ್ಕೆ 10 ಹೆನ್ರಿ ಚೋಕ್ (ಕಬ್ಬಿಣದ ಕೋರಿಗೆ ಸುತ್ತಿದ ಸುರುಳಿ). 100 ಹರ್ಟ್ಸ್‌ಗೆ ಅದು 6,280 ಓಮ್, ರಿಪಲ್ 870ನೇ ಒಂದು ಪಾಲಾಗಿ 1 ಮಿಲಿವೋಲ್ಟಿಗೆ ಬಂದು ನಿಲ್ಲುತ್ತೆ. ಪೀಣ್ಯ ಕಡೆ ಟ್ರಾನ್ಸ್‌ಫಾರ್ಮರ್ ಸುತ್ತಿಕೊಡೋರ ಹತ್ತಿರ ಮಾಡಿಸಬಹುದು, ಆದರೆ "10 ಹೆನ್ರಿ" ಅಂತಷ್ಟೇ ಹೇಳಿ ಬರಬೇಡಿ. "100 ಮಿಲಿಆಂಪ್ ಡಿಸಿ ಹರಿಯುವಾಗ 10 ಹೆನ್ರಿ, ಏರ್ ಗ್ಯಾಪ್ ಬೇಕು, ಡಿಸಿ ರೆಸಿಸ್ಟೆನ್ಸ್ 200 ಓಮ್ ಆಸುಪಾಸು" ಅಂತ ಚೀಟಿಯಲ್ಲಿ ಬರೆದುಕೊಡಿ. ಗ್ಯಾಪ್ ಇಲ್ಲದೆ ಇ–ಐ ಪಟ್ಟಿಗಳನ್ನು ಅದಲುಬದಲಾಗಿ ಪೇರಿಸಿಬಿಟ್ಟರೆ ಡಿಸಿಗೆ ಕೋರ್ ಸ್ಯಾಚುರೇಟ್ ಆಗಿ ಚೋಕ್ ಹೆಸರಿಗಷ್ಟೇ ಇರುತ್ತೆ. ಕೂರಿಸುವಾಗ ಅದರ ಕೋರು ಪವರ್ ಟ್ರಾನ್ಸ್‌ಫಾರ್ಮರಿನ ಕೋರಿಗೆ ಅಡ್ಡಡ್ಡ ಇರಲಿ.

ಎರಡನೇದು ಅಗ್ಗ, ಡಬ್ಬಿಯಲ್ಲಿ ಜಾಗವೂ ಬೇಡ: ಐಆರ್‌ಎಫ್830 ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಹಾಕಿ ಕೆಪಾಸಿಟೆನ್ಸ್ ಮಲ್ಟಿಪ್ಲೈಯರ್, ಅಂದರೆ ಚಿಕ್ಕ ಕೆಪಾಸಿಟರನ್ನು ದೊಡ್ಡದರ ಹಾಗೆ ದುಡಿಸೋ ಸರ್ಕ್ಯೂಟ್. 270 ಓಮ್ ತೆಗೆದು, ಡ್ರೇನನ್ನು ಮೊದಲ ಕೆಪಾಸಿಟರ್ ಪಾಸಿಟಿವ್‌ಗೆ, ಸೋರ್ಸನ್ನು ಎರಡನೇದಕ್ಕೆ ಕೊಡಿ. ಡ್ರೇನಿನಿಂದ 100 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 1 ಮೆಗಾಓಮ್. ಅವೆರಡರ ಸಂದಿಯಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ 250 ವೋಲ್ಟ್. ಅದೇ ಸಂದಿಯಿಂದ 1 ಕಿಲೋಓಮ್ ಮೂಲಕ ಗೇಟಿಗೆ. ಈ 1 ಕಿಲೋಓಮನ್ನು ಗೇಟ್ ಕಾಲಿಗೆ ಒತ್ತಿಕೊಂಡಂತೆ ಸೋಲ್ಡರ್ ಮಾಡಿ, ದೂರ ಇಟ್ಟರೆ ಮಾಸ್‌ಫೆಟ್ ಮೆಗಾಹರ್ಟ್ಸ್‌ನಲ್ಲಿ ಆಸಿಲೇಟ್ ಆಗುತ್ತೆ. ಗೇಟ್–ಸೋರ್ಸ್ ನಡುವೆ 12 ವೋಲ್ಟ್ ಝೀನರ್, ಕ್ಯಾಥೋಡ್ ಪಟ್ಟೆ ಗೇಟ್ ಕಡೆ. ಡ್ರಾಪ್ ಆಗೋದು ಸುಮಾರು 22 ವೋಲ್ಟ್, ಈಗ 270 ಓಮ್‌ನಲ್ಲಿ ಆಗ್ತಿರೋದೂ 20, ಹಾಗಾಗಿ ಮುಂದಿನ ವೋಲ್ಟೇಜುಗಳು ಅಲ್ಲಾಡಲ್ಲ. ಶಾಖ ಒಂದೂವರೆ ವ್ಯಾಟಿನ ಆಸುಪಾಸು, ಬೆರಳುದ್ದದ ಹೀಟ್‌ಸಿಂಕ್ ಸಾಕು. ಮಾಸ್‌ಫೆಟ್‌ನ ಲೋಹದ ಬೆನ್ನೇ ಡ್ರೇನ್, ಅದರ ಮೇಲೆ 200 ವೋಲ್ಟ್ ಇರುತ್ತೆ. ಮೈಕಾ ಶೀಟು, ಪ್ಲಾಸ್ಟಿಕ್ ಬುಷ್ ಹಾಕಿ, ಸ್ಕ್ರೂ ಬಿಗಿ ಮಾಡಿದ ಮೇಲೆ ಮೀಟರಿನಲ್ಲಿ ಬೆನ್ನಿಗೂ ಚಾಸಿಗೂ ಕಂಟಿನ್ಯುಯಿಟಿ ಇಲ್ಲ ಅಂತ ಖಚಿತ ಮಾಡಿಕೊಂಡೇ ಆನ್ ಮಾಡಿ.

ಹಳೇವಾಲ್ವ್:

ಹೀಟರ್ 6.9 ಬಗ್ಗೆ ಯಾರೂ ಮಾತಾಡಲಿಲ್ಲ. 6.3ಕ್ಕೆ ಶೇಕಡ 10 ಮೇಲೆ ಅಂದರೆ 6.93, ನೀವು ಅಲ್ಲಿಗೆ ಬಂದು ನಿಂತಿದ್ದೀರಿ. ರಾತ್ರಿ ಲೋಡ್ ಇಳಿದು ಲೈನ್ 245 ಆದರೆ ದಾಟುತ್ತೆ. ಕ್ಯಾಥೋಡಿನ ಆಯಸ್ಸು ಇಳಿಯೋದು ಹೀಗೇ. 220 ವೋಲ್ಟಿನ ಟ್ರಾನ್ಸ್‌ಫಾರ್ಮರ್ ನಮ್ಮ 230ರ ಲೈನಿಗೆ ಹಾಕಿದಾಗ ಆಗೋ ಮಾಮೂಲಿ ಕಥೆ.

12 ವೋಲ್ಟ್ 1 ಆಂಪ್‌ನ ಸಾದಾ ಟ್ರಾನ್ಸ್‌ಫಾರ್ಮರ್ ಒಂದನ್ನು ತನ್ನಿ. ಅದರ ಪ್ರೈಮರಿ ಲೈನ್–ನ್ಯೂಟ್ರಲ್‌ಗೆ. ಸೆಕೆಂಡರಿಯನ್ನು ಆಂಪಿಗೆ ಹೋಗೋ ಲೈನ್ ವೈರಿನ ಮಧ್ಯೆ ಸೀರೀಸಿನಲ್ಲಿ. ಮೊದಲು ಆಂಪ್ ಬದಲು 40 ವ್ಯಾಟ್ ಬಲ್ಬ್ ಹಾಕಿ ಅಳೆಯಿರಿ. 226 ಬಂತಾ, ಸರಿ. 250 ಬಂತಾ, ಪ್ಲಗ್ ಕಿತ್ತು ಸೆಕೆಂಡರಿಯ ಎರಡು ವೈರ್ ಅದಲುಬದಲು ಮಾಡಿ. ಆಗ ಹೀಟರ್ 6.55, ಸಪ್ಲೈ 180ರ ಹತ್ತಿರ ಬರುತ್ತೆ. ಆ 12 ವೋಲ್ಟ್ ಸುರುಳಿ ಈಗ ಮೇನ್ಸ್ ಮೇಲೆ ಕೂತಿರುತ್ತೆ, ಹೆಸರು 12 ವೋಲ್ಟ್ ಅಂತ ಮುಟ್ಟೋಕೆ ಹೋಗಬೇಡಿ. ಅರ್ಥ್ ಮಾಡಿದ ಲೋಹದ ಡಬ್ಬಿ, 500 ಮಿಲಿಆಂಪ್ ಸ್ಲೋ ಬ್ಲೋ ಫ್ಯೂಸ್ ಕಡ್ಡಾಯ.

ಇದು ರಗಳೆ ಅನಿಸಿದರೆ ಹೀಟರಿನ ಎರಡೂ ವೈರಿಗೆ 0.1 ಓಮ್ 5 ವ್ಯಾಟ್ ಒಂದೊಂದು ಹಾಕಿ. ಒಟ್ಟು 2.8 ಆಂಪ್ ಹರಿಯುತ್ತೆ, 0.56 ವೋಲ್ಟ್ ಇಳಿದು 6.34ಕ್ಕೆ ಬರುತ್ತೆ. ಸಪ್ಲೈ ಮಾತ್ರ 189ರಲ್ಲೇ ಉಳಿಯುತ್ತೆ, ಅದೇನೂ ಅಪಾಯ ಅಲ್ಲ. ಎರಡನ್ನೂ ಒಟ್ಟಿಗೆ ಹಾಕಬೇಡಿ.

ಹೀಟರ್ ಬಿಚ್ಚಿದಾಗಲೇ ಇನ್ನೊಂದು ಕೆಲಸ: ಎರಡು ಹೀಟರ್ ವೈರಿನಿಂದ 100 ಓಮ್ ಒಂದೊಂದು ತಂದು ಮಧ್ಯದಲ್ಲಿ ಸೇರಿಸಿ, ಆ ಬಿಂದುವನ್ನು ಗ್ರೌಂಡಿಗೆ ಕೊಡದೆ 40 ವೋಲ್ಟಿಗೆ ಎತ್ತಿ. ಸಪ್ಲೈಯಿಂದ 220 ಕಿಲೋಓಮ್, ಗ್ರೌಂಡಿಗೆ 68 ಕಿಲೋಓಮ್, ಅದಕ್ಕೆ ಅಡ್ಡಲಾಗಿ 22 ಮೈಕ್ರೋಫ್ಯಾರಡ್ 100 ವೋಲ್ಟ್. 12ಎಯು7ರ ಹೀಟರಿನಿಂದ ಕ್ಯಾಥೋಡಿಗೆ ಸೋರೋ 50 ಹರ್ಟ್ಸ್ ಇದರಿಂದ ನಿಲ್ಲುತ್ತೆ. ಕಿಟ್‌ನಲ್ಲಿ ಈಗಾಗಲೇ ಸೆಂಟರ್ ಟ್ಯಾಪ್ ಗ್ರೌಂಡಿಗೆ ಹೋಗಿದ್ದರೆ ಅದನ್ನು ಮೊದಲು ಬಿಡಿಸಬೇಕು.

ತಂತಿಪಂತಿ:

12ಎಯು7 ಕೀಳೋ ಮಾತು ವಾಪಸ್. ಬಾಸ್‌ಗೆ ಔಟ್‌ಪುಟ್ ಕೆಪಾಸಿಟರ್ 100ರಿಂದ 330 ಮಾಡಿದರೆ ಆಗಲ್ವಾ? 32 ಓಮ್‌ಗೆ 100 ಮೈಕ್ರೋಫ್ಯಾರಡ್ ಅಂದರೆ 50 ಹರ್ಟ್ಸ್‌ನಲ್ಲೇ ಕಟ್ ಆಗುತ್ತೆ.

ಓಮ್‌ಕಾರ:

ಈ ಲೆಕ್ಕ ಎಲ್ಲಾ ಕಡೆ ಓಡಾಡುತ್ತೆ, ಅರ್ಧ ಮಾತ್ರ ಸರಿ. ಕೆಪಾಸಿಟರಿಗೆ ಸೀರೀಸಿನಲ್ಲಿರೋದು ಹೆಡ್‌ಫೋನ್ ಒಂದೇ ಅಲ್ಲ, ವಾಲ್ವಿನ ಔಟ್‌ಪುಟ್ ಇಂಪಿಡೆನ್ಸೂ ಇದೆ. 6080ರ ಪ್ಲೇಟ್ ರೆಸಿಸ್ಟೆನ್ಸ್ 280 ಓಮ್, ಮೂರರಿಂದ ಭಾಗಿಸಿ, 93. ಅಲ್ಲಿಗೆ 32 ಓಮ್‌ನ ಕಟ್‌ಆಫ್ ಸುಮಾರು 13 ಹರ್ಟ್ಸ್, 300 ಓಮ್‌ನದು 4. ಕೆಪಾಸಿಟರ್ ದೊಡ್ಡದು ಮಾಡಿ ಗಳಿಸೋದು ಏನೂ ಇಲ್ಲ.

32 ಓಮ್ ಕೆಡೋದು ಬೇರೆ ಕಾರಣಕ್ಕೆ. 93 ಓಮ್ ಹಿಂದೆ 32 ಓಮ್ ಇಟ್ಟರೆ ಸಿಗ್ನಲ್ ಕಾಲು ಭಾಗಕ್ಕೆ ಇಳಿಯುತ್ತೆ. ಕರೆಂಟ್ ಮಿತಿ 33 ಮಿಲಿಆಂಪ್, ಅದಕ್ಕೆ ಮೀರಿ ವಾಲ್ವ್ ಕಟ್ಆಫ್, ಅಂದರೆ ಅದರಲ್ಲಿ ಕರೆಂಟ್ ಹರಿಯೋದೇ ನಿಲ್ಲುತ್ತೆ. ಲೆಕ್ಕದಲ್ಲಿ ಗರಿಷ್ಠ 17 ಮಿಲಿವ್ಯಾಟ್, ಡಿಸ್ಟಾರ್ಶನ್ ಅದಕ್ಕೆ ಬಹಳ ಮುಂಚೆನೇ ಶುರು. ಆ ಹೆಡ್‌ಫೋನನ್ನು ಬೇರೆ ಆಂಪಿಗೆ ಹಾಕಿ, ಈ ಓಟಿಎಲ್ ಅದರ ಜೋಡಿ ಅಲ್ಲ.

ಎಚ್‌ಡಿ 600ಗೆ ಬಂದರೆ, ಅದರ ಇಂಪಿಡೆನ್ಸ್ 300 ಅಂತ ಹೆಸರಿಗೆ; ಬಾಸ್ ರೆಸೊನೆನ್ಸಿನಲ್ಲಿ 500 ದಾಟುತ್ತೆ. 93 ಓಮ್‌ನ ಎದುರು ಅಲ್ಲಿ ಒಂದು ಡೆಸಿಬೆಲ್ ಹತ್ತಿರ ಉಬ್ಬು ಬರುತ್ತೆ. ಆ ಉಬ್ಬೇ ಹಲವರಿಗೆ ಇಷ್ಟ. ಅದು ಪೂರ್ತಿ ಹೋಗಬೇಕು ಅಂದರೆ ಈ ಸರ್ಕ್ಯೂಟೇ ಬೇಡ. ಆದರೆ 'ಹಿಡಿತ ಇಲ್ಲ' ಅನ್ನೋದರಲ್ಲಿ 12ಎಯು7ರ ಪಾಲೂ ಇದೆ, ಅದನ್ನು ಸರಿ ಮಾಡಬಹುದು. 22 ಕಿಲೋಓಮ್ ತೆಗೆದು ಕಾನ್ಸ್‌ಟಂಟ್ ಕರೆಂಟ್ ಸೋರ್ಸ್ ಹಾಕಿ: ಚಾನೆಲ್ಲಿಗೆ ಎರಡು ಡಿಎನ್2540 ಮಾಸ್‌ಫೆಟ್ ಕ್ಯಾಸ್ಕೋಡ್ (ಒಂದರ ಮೇಲೊಂದು), ಎರಡರ ಗೇಟಿಗೂ 1 ಕಿಲೋಓಮ್, ಕೆಳಗಿನದರ ಸೋರ್ಸಿಗೆ 1 ಕಿಲೋಓಮ್ ಮಲ್ಟಿಟರ್ನ್ ಟ್ರಿಮ್‌ಪಾಟ್. ಟ್ರಿಮ್‌ಪಾಟ್ ಪೂರ್ತಿ ಮೇಲಿನ ಬೆಲೆಯಲ್ಲಿಟ್ಟು ಆನ್ ಮಾಡಿ. ಆಗ ಕರೆಂಟು ಕಮ್ಮಿ, ಪ್ಲೇಟ್ ವೋಲ್ಟೇಜೂ ಕಮ್ಮಿ, 6080ಗೆ ತೊಂದರೆ ಇಲ್ಲ. ನಿಧಾನಕ್ಕೆ ಇಳಿಸುತ್ತಾ ಪ್ಲೇಟನ್ನು 80 ವೋಲ್ಟಿಗೆ ತಂದು ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಸರಿಮಾಡಿ. 12ಎಯು7ರ ಡಿಸ್ಟಾರ್ಶನ್ ಇಳಿಯುತ್ತೆ, ಸಪ್ಲೈ ರಿಪಲ್ ಅದರ ಪ್ಲೇಟಿಗೆ ಬರೋದೂ ನಿಲ್ಲುತ್ತೆ. ಐದು ಸಾವಿರದಲ್ಲಿ ಕಿವಿಗೆ ಅತಿ ಹೆಚ್ಚು ಗೊತ್ತಾಗೋ ಬದಲಾವಣೆ ಇದೇ ಅಂತ ನನ್ನ ಅಭಿಪ್ರಾಯ. ಆದರೆ ಸಪ್ಲೈ ಕೆಲಸ ಮುಗಿದ ಮೇಲೆ.

ವಾಲ್ಯೂಮ್ ತೊಂದರೆಗೆ ಎರಡು ರೂಪಾಯಿ ಖರ್ಚು. ಪಾಟ್‌ಗಿಂತ (ವಾಲ್ಯೂಮ್ ನಾಬ್ ತಿರುಗಿಸೋ ರೆಸಿಸ್ಟರ್) ಮೊದಲು ಪ್ರತಿ ಚಾನೆಲ್ಲಿಗೂ ಸೀರೀಸಿನಲ್ಲಿ 15 ಕಿಲೋಓಮ್, ಪಾಟ್‌ನ ಮೇಲ್ತುದಿಯಿಂದ ಗ್ರೌಂಡಿಗೆ 5.1 ಕಿಲೋಓಮ್, ಎರಡೂ ಮೆಟಲ್ ಫಿಲ್ಮ್. 12 ಡೆಸಿಬೆಲ್ ಇಳಿಯುತ್ತೆ, ಡ್ಯಾಕಿಗೆ 20 ಕಿಲೋಓಮ್ ಕಾಣುತ್ತೆ, ಅದಕ್ಕೇನೂ ಭಾರ ಅಲ್ಲ. ಲಾಗ್ ಪಾಟ್‌ಗಳ ಎರಡು ಟ್ರ್ಯಾಕ್ ಶುರುವಿನಲ್ಲಿ ಒಂದಕ್ಕೊಂದು ಹೊಂದಲ್ಲ, ನಾಬ್ ಮಧ್ಯಕ್ಕೆ ಬಂದರೆ ಎಡಕಿವಿ ಜೋರು ತಾನಾಗೇ ಹೋಗುತ್ತೆ.

ಹಳೇವಾಲ್ವ್:

ವಾಲ್ವ್ ಬದಲಾಯಿಸೋ ಆಸೆ ಹೋಗಲ್ಲ ಅಂತ ಗೊತ್ತು, ಹಾಗಾಗಿ ಎಚ್ಚರಿಕೆ ಅಷ್ಟೇ. ಇಸಿಸಿ82, 5814ಎ, 5963 ಹಾಕಬಹುದು. 6ಎಎಸ್7ಜಿ, ರಷ್ಯದ 6ಎನ್13ಎಸ್ 6080 ಜಾಗಕ್ಕೆ ಬರುತ್ತವೆ, ಗಾಜು ದಪ್ಪ, ಡಬ್ಬಿಯಲ್ಲಿ ಹಿಡಿಯುತ್ತಾ ನೋಡಿ. ಇ80ಸಿಸಿ ಹೀಟರ್ 600 ಮಿಲಿಆಂಪ್ ಕೇಳುತ್ತೆ, 12ಎಯು7ರ ಎರಡರಷ್ಟು. 6922 ಈ ಸಾಕೆಟ್ಟಿನಲ್ಲಿ ಹೊತ್ತಿಕೊಳ್ಳೋದೇ ಇಲ್ಲ, ಅದರ ಹೀಟರ್ 4–5ರ ನಡುವೆ, ಇಲ್ಲಿ ಆ ಎರಡು ಪಿನ್ ಒಂದಕ್ಕೊಂದು ಸೇರಿವೆ. ಹೀಟರ್ ಹೊತ್ತದಿದ್ದರೆ ಓಮ್‌ಕಾರ ಹೇಳಿದ 9.6 ವ್ಯಾಟಿನ ಕಥೆನೇ. ಸಂಡೇ ಬಜಾರಿನಲ್ಲೋ ಹಳೇ ರೇಡಿಯೋ ರಿಪೇರಿಯವರ ಹತ್ತಿರವೋ ನಮ್ಮ ಜಾಲಹಳ್ಳಿ ಬಿಇಎಲ್‌ನ ಇಸಿಸಿ83 ಸಿಕ್ಕಿತು ಅಂತ ಖುಷಿಯಲ್ಲಿ ತೂರಿಸಬೇಡಿ. ಪಿನ್ ಎಲ್ಲಾ ಒಂದೇ, ಆದರೆ ಮ್ಯೂ 100. ಎಲ್‌ಇಡಿಯ 1.7 ವೋಲ್ಟ್ ಬಯಾಸ್‌ನಲ್ಲಿ ಅದು ಕಟ್ಆಫ್ ಆಗಿ ಪ್ಲೇಟ್ ಮೇಲೆ ಓಡುತ್ತೆ.

ಕಿವಿಗೊಟ್ಟವ:

ಸರ್, ಮಾಸ್‌ಫೆಟ್ ಹಾಕಿದೆ, ಹೀಟರಿಗೆ 0.1 ಓಮ್ ಹಾಕಿದೆ, 15–5.1 ಡಿವೈಡರ್ ಆಯ್ತು. ರಿಪಲ್ 2 ಮಿಲಿವೋಲ್ಟ್. ಗುಂಯ್ ಹೋಯ್ತು. ಈಗ ಸಣ್ಣಗೆ ಜಿರ್ರ್ ಉಳಿದಿದೆ, ಸ್ಪೆಕ್ಟ್ರಮ್‌ನಲ್ಲಿ ಆ ಸಾಲು ಮೊಳೆಗಳು ಹಾಗೇ ಇವೆ. ಕೆಪಾಸಿಟರ್ ಇನ್ನೂ ದೊಡ್ಡದು ಮಾಡಲಾ?

ಓಮ್‌ಕಾರ:

ಬೇಡ, ಜಾಸ್ತಿಯಾಗುತ್ತೆ. ಜಿರ್ರ್ ಬರೋದು ಚಾರ್ಜಿಂಗ್ ಪಲ್ಸಿನಿಂದ. ಬ್ರಿಜ್ ಮೊದಲ ಕೆಪಾಸಿಟರಿಗೆ ಕರೆಂಟನ್ನು ಸಮನಾಗಿ ತುಂಬಲ್ಲ, ಸೆಕೆಂಡಿಗೆ 100 ಸಲ ಚಿಕ್ಕ ಚಿಕ್ಕ ಹೊಡೆತಗಳಲ್ಲಿ ತುಂಬುತ್ತೆ, ಒಂದೊಂದೂ ಅರ್ಧ ಆಂಪ್ ಮೇಲೆ. ಕೆಪಾಸಿಟರ್ ದೊಡ್ಡದಾದಷ್ಟೂ ಹೊಡೆತ ಚೂಪು. 22 ಗೇಜ್ ತಂತಿ 10 ಸೆಂಟಿಮೀಟರಿಗೆ ಸುಮಾರು 4 ಮಿಲಿಓಮ್. ಅರ್ಧ ಆಂಪ್ ಹರಿದರೆ ಅದರ ಎರಡು ತುದಿಯ ನಡುವೆ 2 ಮಿಲಿವೋಲ್ಟ್. ಇನ್‌ಪುಟ್ ಜಾಕಿನ ಗ್ರೌಂಡ್ ಆ ತಂತಿಯ ಮಧ್ಯದಲ್ಲೆಲ್ಲೋ ಸೇರಿದ್ದರೆ ಅದೂ ಸಿಗ್ನಲ್ ಅಂತಲೇ ಲೆಕ್ಕ, 12ಎಯು7 ಅದನ್ನು ಹತ್ತಕ್ಕೂ ಹೆಚ್ಚು ಪಟ್ಟು ಹಿಗ್ಗಿಸುತ್ತೆ.

ಡಬ್ಬಿ ತಿರುಗಿಸಿ ನೋಡಿ. ಬ್ರಿಜ್‌ನ ನೆಗೆಟಿವ್ ಒಂದು ಟ್ಯಾಗ್ ಸ್ಟ್ರಿಪ್ಪಿಗೆ, ಮೊದಲ ಕೆಪಾಸಿಟರಿನ ನೆಗೆಟಿವ್ ಇನ್ನೊಂದು ಟ್ಯಾಗಿಗೆ, ನಡುವೆ ಉದ್ದದ ಗ್ರೌಂಡ್ ತಂತಿ, ಅದೇ ತಂತಿಗೆ ಪಾಟ್ ಮತ್ತು ಹೆಡ್‌ಫೋನ್ ಗ್ರೌಂಡ್ ಅಂಟಿಕೊಂಡಿರುತ್ತೆ. ಇಂಥ ಕಿಟ್‌ಗಳಲ್ಲಿ ಬಹುತೇಕ ಹೀಗೇ. ಬ್ರಿಜ್‌ನ ನೆಗೆಟಿವನ್ನು ಬೇರೆಲ್ಲೂ ಮುಟ್ಟಿಸದೆ ಮೊದಲ ಕೆಪಾಸಿಟರಿನ ನೆಗೆಟಿವ್ ಕಾಲಿಗೇ ಸೋಲ್ಡರ್ ಮಾಡಿ. ಆ ಕಾಲಿನಿಂದ ಒಂದೇ ತಂತಿ ಎರಡನೇ ಕೆಪಾಸಿಟರಿನ ನೆಗೆಟಿವ್‌ಗೆ. ಎರಡನೇದರ ನೆಗೆಟಿವೇ ಸ್ಟಾರ್: 6080 ಕ್ಯಾಥೋಡ್ ರೆಸಿಸ್ಟರ್‌ಗಳು, ಹೆಡ್‌ಫೋನ್ ಜಾಕ್, ಎಲ್‌ಇಡಿಗಳು, ಪಾಟ್, ಮಾಸ್‌ಫೆಟ್‌ನ 10 ಮೈಕ್ರೋಫ್ಯಾರಡ್ ಎಲ್ಲಾ ಒಂದೊಂದು ತಂತಿಯಲ್ಲಿ ಅಲ್ಲಿಗೇ ಬರಲಿ. ಇನ್‌ಪುಟ್ ಆರ್‌ಸಿಎ ಗ್ರೌಂಡ್ ಪಾಟ್‌ಗೆ ಬಂದು ಪಾಟ್‌ನ ತಂತಿಯಲ್ಲೇ ಹೋಗಲಿ, ಚಾಸಿಗೆ ತಾಗದ ಹಾಗೆ ವಾಷರ್ ಹಾಕಿ.

ಮೇನ್ಸ್ ಅರ್ಥ್ ಚಾಸಿಗೆ ನೇರ ಬೋಲ್ಟ್, ಅದನ್ನು ಮುಟ್ಟಬೇಡಿ. ಜಿರ್ರ್ ಹೋಗಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಕೀಳೋರಿದ್ದಾರೆ. 200 ವೋಲ್ಟಿನ ಡಬ್ಬಿಯನ್ನ ಕಿವಿಗೆ ಕಟ್ಟಿಕೊಂಡು ಅದು ಮಾಡೋ ಕೆಲಸ ಅಲ್ಲ. ಸ್ಟಾರ್‌ನಿಂದ ಚಾಸಿಗೆ 10 ಓಮ್ 5 ವ್ಯಾಟ್, ಅದಕ್ಕೆ ಅಡ್ಡಲಾಗಿ 35 ಆಂಪ್ ಬ್ರಿಜ್ ರೆಕ್ಟಿಫೈಯರ್: ಎರಡು ಎಸಿ ಕಾಲು ಒಟ್ಟಿಗೆ ಸೇರಿಸಿ ಒಂದು ಕಡೆ, ಪ್ಲಸ್–ಮೈನಸ್ ಒಟ್ಟಿಗೆ ಸೇರಿಸಿ ಇನ್ನೊಂದು ಕಡೆ. ತಂತಿ ಬದಲಾಯಿಸಿದ ಮೇಲೆ ಮೊದಲ ಸಲ ಆನ್ ಮಾಡುವಾಗ ಹೆಡ್‌ಫೋನ್ ಹಾಕಬೇಡಿ. ಜಾಕ್‌ಗೆ 300 ಓಮ್ ರೆಸಿಸ್ಟರ್ ಇಟ್ಟು, ಡಿಸಿ 10 ಮಿಲಿವೋಲ್ಟಿಗಿಂತ ಕೆಳಗಿದೆಯಾ, ಎಸಿ 1 ಮಿಲಿವೋಲ್ಟ್ ಸುತ್ತಮುತ್ತ ಇದೆಯಾ ನೋಡಿಕೊಂಡು ಆಮೇಲೆ ಹಾಕಿ. ಜಾಕ್‌ನಲ್ಲಿ ಗ್ರೌಂಡಿಗೆ 2.2 ಕಿಲೋಓಮ್ ಬ್ಲೀಡರ್ ಇಲ್ಲದಿದ್ದರೆ ಅದನ್ನೂ ಈಗಲೇ ಸೇರಿಸಿ. ಇಲ್ಲದಿದ್ದರೆ ಆಂಪ್ ಬಿಸಿಯಾದ ಮೇಲೆ ಹೆಡ್‌ಫೋನ್ ಚುಚ್ಚಿದಾಗ ಔಟ್‌ಪುಟ್ ಕೆಪಾಸಿಟರ್ ಅದರ ಕಾಯಿಲ್ ಮೂಲಕವೇ 100 ವೋಲ್ಟಿಗೆ ಚಾರ್ಜ್ ಆಗುತ್ತೆ.